ಮೂರು ಕಾಯಿಲಿನ ಅಳತೆ

ಎಂಬತ್ತರ ದಶಕದಲ್ಲಿ ನಾನು ಯಲಹಂಕದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ಹಳೆಯ ತಂತಿ ಕಿತ್ತು ಹೊಸದನ್ನು ಸುತ್ತಿಕೊಡುವ ಕೆಲಸ. ಹೆಂಗಸೊಬ್ಬಳು ಮೋಟರ್ ಬಿಚ್ಚುತ್ತಾಳೆ ಎಂದು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಆಮೇಲೆ ಅದೂ ಹಳೆಯದಾಯಿತು. ಉಳಿದದ್ದು ಒಂದೇ ದೂರು: ಈಯಮ್ಮ ಬಲು ನಿಧಾನ.

ಜಕ್ಕೂರು, ಕೊಡಿಗೇಹಳ್ಳಿ ಕಡೆಯ ದ್ರಾಕ್ಷಿ ತೋಟದವರು ಮೋಟರನ್ನು ಸೈಕಲ್ ಕ್ಯಾರಿಯರಿಗೆ ಬಿಗಿದು ತಳ್ಳಿಕೊಂಡು ಬರುತ್ತಿದ್ದರು. "ಸಂಜೆಗೇ ಬೇಕು ಕಣಕ್ಕಾ, ಬಳ್ಳಿ ಒಣಗ್ತಾ ಅವೆ. ಇಂಗೆ ಕುಂತ್ಕೊಂಡ್ರೆ ಎಂಗೆ?" ಎನ್ನುತ್ತಿದ್ದರು. ನಾಡಿದ್ದು ಬಾ ಎನ್ನುತ್ತಿದ್ದೆ. ಬೇರೆ ಅಂಗಡಿಯವರು ಒಂದೇ ದಿನಕ್ಕೆ ಕೊಡುತ್ತಾರೆ ಎಂದರೆ, ಅಲ್ಲಿಗೇ ಹೋಗಪ್ಪ, ನಂದೇನೂ ಅಭ್ಯಂತರವಿಲ್ಲ ಎನ್ನುತ್ತಿದ್ದೆ. ಕೆಲವರು ಹೋದರು. ಹೋದವರಲ್ಲಿ ಹಲವರು ಅದೇ ಮೋಟರನ್ನು ಹೊತ್ತುಕೊಂಡು ವಾಪಸು ಬಂದರು. ನಾನು ಐದು ಗಂಟೆಗೆ ಬಾಗಿಲು ಹಾಕುತ್ತಿದ್ದೆ, ಹೊರಗೆ ಎಷ್ಟೇ ಜನ ನಿಂತಿರಲಿ.

ಈಗ ನಿಧಾನವಾಗಿ ಬದುಕುವುದನ್ನು ಕಲಿಸುವವರು ಇದ್ದಾರಂತೆ. ಉಸಿರು ಹೇಗೆ ಬಿಡಬೇಕು, ಊಟ ಹೇಗೆ ಅಗಿಯಬೇಕು, ಎಲ್ಲಕ್ಕೂ ಪಾಠವಂತೆ. ಕಲಿಯಲಿ, ಒಳ್ಳೆಯದೇ. ಆದರೆ ನಿಧಾನವೆಂದರೆ ಬೇಕೆಂದಾಗ ಎತ್ತಿ ಹೊದ್ದುಕೊಳ್ಳುವ ಶಾಲು ಎಂಬಂತೆ ಅವರು ಮಾತನಾಡುವಾಗ ನನಗೆ ಮೈ ಉರಿಯುತ್ತದೆ. ನನಗೂ ನನ್ನ ಜೊತೆಯವರಿಗೂ ಅದನ್ನು ಯಾರೂ ಎತ್ತಿ ಕೊಡಲಿಲ್ಲ. ಇದ್ದದ್ದನ್ನು ನಾನೇ ನನ್ನ ಕೈಯಾರೆ ಕಳೆದೆ. ಆಮೇಲೆ ಜಗಳವಾಡಿ ವಾಪಸು ತರಬೇಕಾಯಿತು. ಅದು ಎಪ್ಪತ್ತರ ದಶಕದ ಕೊನೆಯ ಮಾತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಗದಗದ ಕಡೆಯಿಂದ ಯಲಹಂಕಕ್ಕೆ ಬಂದಿದ್ದೆವು. ನನಗೆ ಆಗ ಇಪ್ಪತ್ತು. ಯಶವಂತಪುರದ ಒಂದು ಖಾಸಗಿ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ವಿಭಾಗಕ್ಕೆ ಸೇರಿಕೊಂಡೆ. ಒಂದು ವರ್ಷ ಟೆಂಪರರಿ, ಕೆಲಸ ಮೆಚ್ಚುಗೆಯಾದರೆ ಖಾಯಂ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಖಾಯಂ ಆಗುವುದೆಂದರೆ ನಮಗೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ನನಗೆ ಇಷ್ಟವಾಗಿತ್ತು. ಕೂದಲೆಳೆಯಂಥ ತಾಮ್ರದ ತಂತಿ. ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತಂತಿ ಹಾಯಿಸುತ್ತ, ಪುಟ್ಟ ಉರುಳೆಯ ಮೇಲೆ ಸುತ್ತು ಪಕ್ಕ ಸುತ್ತು ಕೂರಿಸಬೇಕು. ಬಿಗಿ ಹೆಚ್ಚಾದರೆ ತಂತಿ ಒಳಗೇ ಹರಿಯುತ್ತದೆ, ಸಡಿಲವಾದರೆ ಹೊಟ್ಟೆ ಉಬ್ಬುತ್ತದೆ. ಎಷ್ಟು ಬಿಗಿ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಒಂದು ಪದರ ಮುಗಿದರೆ ತೆಳುಕಾಗದ, ಮತ್ತೆ ಪದರ. ದಿನಕ್ಕೆ ಎಪ್ಪತ್ತು ಕಾಯಿಲ್ ಕೊಟ್ಟರೆ ಆಯಿತು.

ಸಾಲಿನಲ್ಲಿ ಹದಿನೈದು ಹೆಂಗಸರಿದ್ದೆವು. ನನ್ನ ಪಕ್ಕದಲ್ಲಿ ಯಲಹಂಕದವರೇ ಆದ ಒಬ್ಬ ಮುಸ್ಲಿಂ ಹೆಂಗಸು ಕೂರುತ್ತಿದ್ದರು. ನಲವತ್ತು ದಾಟಿದ್ದರು, ಎಲ್ಲರಿಗೂ ಆಪಾ, ಅಂದರೆ ಅಕ್ಕ. ಅವರಷ್ಟು ಚೆನ್ನಾಗಿ ತಂತಿ ಕೂರಿಸುವವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಎದುರಿಗೆ ಹೆಬ್ಬಾಳದ ಒಬ್ಬ ಹುಡುಗಿ. ಮೂರು ತಿಂಗಳ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು.

ಐದಕ್ಕೆ ಸೈರನ್ ಆಗುತ್ತಿತ್ತು. ಐದೂ ಇಪ್ಪತ್ತಕ್ಕೆ ಯಶವಂತಪುರದಿಂದ ಪ್ಯಾಸೆಂಜರ್ ಗಾಡಿ. ನಮ್ಮಲ್ಲಿ ಒಂಬತ್ತು ಮಂದಿ ಆ ಗಾಡಿಯವರು. ಅವರೆಕಾಯಿ ಕಾಲದಲ್ಲಿ ದಾರಿಯಲ್ಲೇ ಕಾಯಿ ಕೊಂಡು, ಗಾಡಿ ಹತ್ತಿದ ಕೂಡಲೇ ಪೇಪರ್ ಹಾಸಿ, ಎಲ್ಲರ ಕಾಯನ್ನೂ ಒಟ್ಟಿಗೆ ಸುರಿದು ಸುಲಿಯಲು ಶುರು. ಹೆಬ್ಬಾಳದ ಹುಡುಗಿ ಮೊದಲು ಇಳಿಯುವವಳಾದ್ದರಿಂದ ಅವಳ ಪಾಲನ್ನು ಮೊದಲು ಸುಲಿಯಬೇಕು, ಅದು ಕಟ್ಟಳೆ. ಡಬ್ಬಿಯ ತುಂಬ ಅವರೆಯ ಸೊಗಡು. ಗಂಡಂದಿರ ಸುದ್ದಿ, ಅತ್ತೆಯರ ಸುದ್ದಿ, ಸಿನಿಮಾ ಸುದ್ದಿ, ಯಾವುದಕ್ಕೂ ಅವಸರವಿಲ್ಲ. ಮನೆಯ ದುಡಿಮೆಗೂ ಕಾರ್ಖಾನೆಯ ದುಡಿಮೆಗೂ ಮಧ್ಯೆ ಆ ಹೆಂಗಸರಿಗೆ ಇದ್ದದ್ದು ಆ ಅರ್ಧ ಗಂಟೆ ಮಾತ್ರ. ಅಲ್ಲಿ ಯಾರೂ ಅವರನ್ನು ಏಳು ಎನ್ನುತ್ತಿರಲಿಲ್ಲ.

ನಾನು ಮೊದಲು ಕಿಟಕಿ ಪಕ್ಕ ಒಬ್ಬಳೇ ಕೂರುತ್ತಿದ್ದೆ. ನನ್ನ ಮಾತು ಕೇಳಿದರೆ ಅವರಿಗೆ ನಗು. "ಹೌದ್ರೀ, ಬರ್ರೀ" ಎಂದು ಅಣಕಿಸುತ್ತಿದ್ದರು. ಒಂದು ದಿನ ಆಪಾ ನನ್ನ ಮಡಿಲಿಗೆ ಒಂದು ಬೊಗಸೆ ಕಾಯಿ ಸುರಿದರು. ನಮ್ಮ ಕಡೆ ಹೀಗೆ ರಾಶಿ ಹಾಕಿಕೊಂಡು ಅವರೆ ಸುಲಿದು ನನಗೆ ಅಭ್ಯಾಸವಿಲ್ಲ. ಉಗುರಿನಲ್ಲಿ ಒದ್ದಾಡಿದೆ. ಬೊಗಸೆ ಅರ್ಧ ಮುಗಿಯುವಷ್ಟರಲ್ಲಿ ಹೆಬ್ಬಾಳ ಬಂದುಬಿಟ್ಟಿತು. "ಅಯ್ಯೋ, ಈ ರೊಟ್ಟಿಯವಳಿಗೆ ಕೈಯೇ ಜೋರಿಲ್ಲ ಕಣ್ರೇ" ಎಂದಳು ಹೆಬ್ಬಾಳದ ಹುಡುಗಿ ಇಳಿಯುತ್ತ. ಎಲ್ಲರೂ ನಕ್ಕರು. ತಮಾಷೆಯ ಮಾತೇ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ತೋರಿಸ್ತೀನಿ ನಿಮಗೆ ಜೋರು ಅಂದರೇನು ಅಂತ, ಎಂದು ಒಳಗೊಳಗೇ ಹಲ್ಲು ಕಡಿದೆ.

ಅದಾದ ವಾರದಲ್ಲೇ ಗಡಿಯಾರದ ಸಾಹೇಬರು ಬಂದರು. ಹೊಸ ಇಂಜಿನಿಯರ್, ಎಳೆಯ ಮುಖ, ಕೈಯಲ್ಲಿ ಸ್ಟಾಪ್‌ವಾಚು, ಕ್ಲಿಪ್ ಹಾಕಿದ ಹಲಗೆ. ಒಬ್ಬೊಬ್ಬರ ಹಿಂದೆ ನಿಂತು ಮೂರು ಕಾಯಿಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ಅವರು ಆಪಾ ಹಿಂದೆ ನಿಂತಾಗ ಆಪಾ ತಂತಿಯ ಉರುಳೆಯನ್ನು ಒಮ್ಮೆ ಮುಟ್ಟಿ ನೋಡಿದರು. ತಂತಿಯ ತುದಿಗೆ ಬೆಸುಗೆ ಹಾಕುವ ಕಡ್ಡಿ ಒರೆಸಿದರು. ಬೆರಳು ನೋಡಿಕೊಂಡರು, ಒಂದು ಗುಟುಕು ನೀರು ಕುಡಿದರು. ಉಳಿದವರೂ ಹಾಗೆಯೇ. ಆ ಸಾಲಿನ ಅಲಿಖಿತ ನಿಯಮ ಅದು. ಮೋಸವೇನಲ್ಲ. ದಿನದಲ್ಲಿ ನೂರು ಸಲ ಮಾಡುವ ಸಣ್ಣಪುಟ್ಟ ಕೆಲಸಗಳನ್ನು ಗಡಿಯಾರ ನೋಡುತ್ತಿರುವಾಗಲೂ ಬಿಡದೆ ಮಾಡುವುದು, ಅಷ್ಟೇ. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಮುಖ ಊದಿಸಿಕೊಂಡು ಕೂತವಳಿಗೆ ಯಾರು ಹೇಳುತ್ತಾರೆ?

ಸಾಹೇಬರು ನನ್ನ ಹಿಂದೆ ಬಂದು ನಿಂತರು. ನಾನು ಸುತ್ತಿದೆ. ಜೀವಮಾನದಲ್ಲಿ ಹಾಗೆ ಸುತ್ತಿರಲಿಲ್ಲ, ಆಮೇಲೂ ಸುತ್ತಲಿಲ್ಲ. ಹಿಡಿ ತಿರುಗಿದ್ದೇ ಗೊತ್ತಾಗಲಿಲ್ಲ. ಮೂರು ಕಾಯಿಲ್ ಮುಗಿದಾಗ ಅವರು ವಾಚನ್ನು ಎರಡು ಸಲ ನೋಡಿದರು. "ವೆರಿ ಗುಡ್" ಎಂದರು. ನಾನು ಹೆಬ್ಬಾಳದ ಹುಡುಗಿಯ ಕಡೆ ತಿರುಗಿ ನಕ್ಕೆ. ಅವಳು ನಗಲಿಲ್ಲ. ಆಪಾ ತಲೆ ತಗ್ಗಿಸಿ ಕೂತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡೆ. ಅಷ್ಟು ದಡ್ಡಿ ನಾನು.

ಹದಿನೈದು ದಿನಕ್ಕೆ ನೋಟೀಸು ಬೋರ್ಡಿನಲ್ಲಿ ಚೀಟಿ ಬಿತ್ತು. ಎಪ್ಪತ್ತಲ್ಲ, ತೊಂಬತ್ತೈದು. ನನ್ನ ಮೂರು ಕಾಯಿಲಿನ ಹೊತ್ತನ್ನು ಇಡೀ ದಿನಕ್ಕೆ ಹರಡಿ ತೆಗೆದ ಲೆಕ್ಕ. ಮುಗಿಸದವರು ಮುಗಿಸಿಯೇ ಹೊರಡಬೇಕು.

ಗಾಡಿ ತಪ್ಪಿತು. ಒಂದು ದಿನವಲ್ಲ, ದಿನವೂ. ಐದೂ ಇಪ್ಪತ್ತಕ್ಕೆ ಗಾಡಿ ಕೂಗುವುದು ನಮಗೆ ಕೂತಲ್ಲಿಂದಲೇ ಕೇಳಿಸುತ್ತಿತ್ತು. ಆರಕ್ಕೆ, ಆರೂವರೆಗೆ ಹೊರಬಿದ್ದು ಬಸ್ಸಿಗೆ ಓಡಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಅವರೆ ಸುಲಿಯುವುದು ಹೇಗೆ? ಮಾತೂ ನಿಂತಿತು. ಬೆರಳುಗಳಲ್ಲಿ ಗೀರು ಬಿದ್ದು ರಕ್ತ ಬರುತ್ತಿತ್ತು. ತೊಂಬತ್ತೈದು ನನಗೂ ಆಗಲಿಲ್ಲ. ಒಂದು ದಿನ ಮಾಡಿದೆ, ಮರುದಿನ ತೋಳು ಎತ್ತಲಾಗಲಿಲ್ಲ. ಅವಸರದಲ್ಲಿ ಸುತ್ತಿದ ಕಾಯಿಲುಗಳು ಒಳಗೇ ಹರಿದು ರಾಶಿರಾಶಿ ವಾಪಸು ಬರುತ್ತಿದ್ದವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಒಂದು ಸಂಜೆ ಐದೂವರೆಯ ಹೊತ್ತಿಗೆ ತಲೆ ಎತ್ತಿದಾಗ ಹೆಬ್ಬಾಳದ ಹುಡುಗಿ ಸೆರಗನ್ನು ಮೊಣಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಮಗುವಿಗೆ ಹಾಲು ಕೊಡುವ ಹೊತ್ತು ಮೀರಿತ್ತು. ಹಾಗೆಯೇ ಹಿಡಿ ತಿರುಗಿಸುತ್ತಿದ್ದಳು, ಎದುರಿನ ಸುತ್ತು ಎಣಿಸುವ ಮುಳ್ಳನ್ನೇ ನೋಡುತ್ತ. ಅತ್ತರೆ ತಂತಿ ಕಾಣುವುದಿಲ್ಲವೆಂದು ಅಳುವುದನ್ನೂ ತಡೆದುಕೊಂಡಿದ್ದಳು.

ಅಂದು ಬಸ್ಸಿಳಿದು ಆಪಾ ಜೊತೆ ನಡೆಯುತ್ತ ಕೇಳಿಯೇಬಿಟ್ಟೆ. "ನನ್ನಿಂದ ಆಯ್ತಲ್ಲಾ ಆಪಾ?"

"ಹ್ಞೂಂ, ನಿನ್ನಿಂದಾನೇ" ಎಂದರು ಅವರು, ಸುತ್ತಿಬಳಸದೆ. "ಗಡಿಯಾರದವ್ರ ಮುಂದೆ ಕೈ ತೋರಿಸ್ಬಾರ್ದು ಬೇಟಿ. ಅವ್ರು ನಿನ್ ಕೈ ನೋಡಿ ನಮ್ದೆಲ್ಲಾ ಕೈಗೂ ಅದೇ ಅಳತೆ ಇಡ್ತಾರೆ."

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಾಕ ಮಂದಿ ಕೂಡಿ ರೊಟ್ಟಿ ಮಾಡೂಮುಂದ ಒಬ್ಬಾಕಿ ಬಿರಬಿರ ಬಡದು ಒಗದ್ಲಂದ್ರ ಹಂಚಿನ ಮುಂದ ಕುಂತಾಕಿ ಕೈ ಸುಟಗೊಂತಾಳ. ಅಷ್ಟೂ ತಿಳೀಲಿಲ್ಲೇನು ನಿನಗ?" ಎಂದಳು. ತಿಳಿದಿರಲಿಲ್ಲ. ಹುಟ್ಟಿದಾಗಿನಿಂದ ರೊಟ್ಟಿ ಬಡಿಯುವ ಮನೆಯಲ್ಲೇ ಬೆಳೆದವಳಿಗೆ ತಿಳಿದಿರಲಿಲ್ಲ.

ನನ್ನ ವರ್ಷ ಮುಗಿಯಲು ಎರಡು ತಿಂಗಳಿತ್ತು. ಪಕ್ಕದ ಶೆಡ್ಡಿನಲ್ಲಿ ಇನ್ನೊಂದು ಹೊಸ ಸಾಲು ಶುರುವಾಯಿತು, ಹನ್ನೆರಡು ಹುಡುಗಿಯರು. ಅವರಿಗೂ ಅಳತೆ ಇಡಬೇಕಲ್ಲ. ಮಾದರಿಯಾಗಿ ಅವರೆಲ್ಲರ ಮುಂದೆ ಸುತ್ತಿ ತೋರಿಸಲು ಮ್ಯಾನೇಜರು ಆರಿಸಿದ್ದು ನನ್ನನ್ನೇ. "ಚೆನ್ನಾಗಿ ಮಾಡಮ್ಮ, ನಿನ್ನ ಖಾಯಂ ಕಾಗದ ನನ್ನ ಟೇಬಲ್ ಮೇಲೇ ಇದೆ" ಎಂದರು. ಆ ಮಾತಿನಲ್ಲಿ ಬೆದರಿಕೆ ಇತ್ತೋ ಅಕ್ಕರೆ ಇತ್ತೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಎರಡೂ ಒಂದೇ ಆಗಿದ್ದವು.

ಹೊಸ ಹುಡುಗಿಯರು ಸುತ್ತ ನಿಂತರು. ಇಂಜಿನಿಯರ್ ವಾಚು ಒತ್ತಿದರು. ನಾನು ಉರುಳೆ ಮುಟ್ಟಿ ನೋಡಿದೆ. ಕಡ್ಡಿ ಒರೆಸಿದೆ. ತಂತಿಯ ಬಿಗಿಯನ್ನು ಬೆರಳಿಗೆ ಕೇಳಿಕೊಂಡು ಒಂದೊಂದೇ ಸುತ್ತು ಕೂರಿಸಿದೆ. ಮೊದಲನೇ ಕಾಯಿಲ್ ಮುಗಿಯುವಷ್ಟರಲ್ಲಿ ಇಂಜಿನಿಯರರ ಹುಬ್ಬು ಗಂಟಾಗಿತ್ತು.

"ಏನಮ್ಮಾ ಇದು? ಅವತ್ತು ಅಷ್ಟು ಫಾಸ್ಟಾಗಿ ಮಾಡಿದ್ರಿ?"

"ಅವತ್ತು ಓಡಿದ್ದೆ ಸಾರ್. ಇವತ್ತು ನಡೀತಾ ಇದೀನಿ" ಎಂದೆ. "ಓಡೋದಾದ್ರೆ ಮೂರು ಕಾಯಿಲ್ ಓಡಬಹುದು. ದಿನಾ ಎಂಟು ಗಂಟೆ ಓಡೋಕಾಗಲ್ಲ. ನೀವು ಮೂರು ಅಳೆದು ಹೋಗ್ತೀರಿ, ಉಳಿದದ್ದನ್ನ ನಾವು ಸುತ್ತಬೇಕು. ಅಳೆಯೋದಾದ್ರೆ ಬೆಳಗ್ಗೆಯಿಂದ ಸಂಜೆವರೆಗೂ ನಿಂತು ಅಳೀರಿ."

ಮುಂದಿನದು ನಾನು ಎಣಿಸದೇ ಇದ್ದದ್ದು. ಅವರು ನನ್ನನ್ನು ಗದರಿಸಲಿಲ್ಲ. ಮುಖ ಕೆಂಪಾಗಿತ್ತು, ಆದರೆ ಛಲದ ಮನುಷ್ಯ. "ಆಯ್ತು, ನಾಳೆ ಇಡೀ ದಿನ" ಎಂದರು. ಮಾರನೆಯ ಬೆಳಗ್ಗೆ ನಿಜವಾಗಿಯೂ ಒಂದು ಸ್ಟೂಲು ಹಾಕಿಕೊಂಡು ನನ್ನ ಪಕ್ಕ ಕೂತರು.

ಕೂತವರು ಸಂಜೆವರೆಗೂ ಏಳಲಿಲ್ಲ. ನಾನು ಅಂದು ಬೇಕೆಂದೇ ತಡ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎರಡು ಸಲ ತಂತಿ ಹರಿಯಿತು, ಬರೆದುಕೊಂಡರು. ಬೆಸುಗೆಯ ಕಡ್ಡಿ ಆರಿತು, ಕಾಯಲು ಹೊತ್ತಾಯಿತು, ಬರೆದುಕೊಂಡರು. ಹನ್ನೊಂದರ ಹೊತ್ತಿಗೆ ನಾನು ಪಾಯಿಖಾನೆಗೆ ಎದ್ದಾಗ ಅವರು ನಾಚಿಕೊಂಡು ವಾಚು ನಿಲ್ಲಿಸಲು ಹೋದರು. "ನಿಲ್ಲಿಸ್ಬೇಡಿ ಸಾರ್, ಅದೂ ದಿನದೊಳಗೇ ಬರುತ್ತೆ" ಎಂದೆ. ಸಾಲಿನ ಉದ್ದಕ್ಕೂ ನಗು ಹರಡಿತು. ಮಧ್ಯಾಹ್ನದ ಮೇಲೆ ಅವರೇ ಕೂತಲ್ಲಿ ಸೊಂಟ ಹಿಡಿದುಕೊಂಡು ಅತ್ತಿತ್ತ ಹೊರಳತೊಡಗಿದರು. ಸಂಜೆ ಸೈರನ್ ಆದಾಗ ಲೆಕ್ಕ ಎಪ್ಪತ್ತೆರಡು. ಅವರು ಆ ಅಂಕಿಯನ್ನು ಬರೆದುಕೊಂಡರು. ಅಡಿಯಲ್ಲಿ ಸಹಿ ಹಾಕಿದರು.

ಆ ವರದಿ ಹೆಡ್ ಆಫೀಸಿಗೆ ಹೋಯಿತು. ಮುಂದಿನ ತಿಂಗಳು ಬೋರ್ಡಿನ ಚೀಟಿ ಬದಲಾಯಿತು: ಎರಡೂ ಸಾಲಿಗೆ ಎಪ್ಪತ್ತೆರಡು. ಆ ಸಂಜೆ ನಾವು ಗಾಡಿ ಹಿಡಿದೆವು. ಅವರೆಯ ಕಾಲ ಮುಗಿದುಹೋಗಿತ್ತು. ಸುಲಿಯಲು ಏನೂ ಇರಲಿಲ್ಲ. ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತೆವು. ಆಪಾ ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋದರು. ಹೆಬ್ಬಾಳದ ಹುಡುಗಿ ಇಳಿಯುವಾಗ ನನ್ನ ಗಲ್ಲ ಹಿಂಡಿದಳು, ನೋಯುವಷ್ಟು ಜೋರಾಗಿ.

ಇದನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ನಡೆದದ್ದು ಇಲ್ಲಿಗೆ ನಿಲ್ಲಲಿಲ್ಲ.

ನನ್ನ ವರ್ಷ ಮುಗಿದ ದಿನ ಮ್ಯಾನೇಜರು ಕರೆಸಿದರು. ಕುರ್ಚಿ ತೋರಿಸಿ ಕೂರಮ್ಮ ಎಂದರು. ಆ ಕೋಣೆಯಲ್ಲಿ ನಮ್ಮಂಥವರು ಕೂತದ್ದನ್ನು ನಾನು ಕಂಡಿರಲಿಲ್ಲ. ಇಂಜಿನಿಯರ್ ಗೋಡೆ ಪಕ್ಕ ನಿಂತಿದ್ದರು. ಟೇಬಲ್ಲಿನ ಮೇಲೆ ಎರಡು ಕಾಗದ. ಒಂದು ನನ್ನ ಖಾಯಂ ಆದೇಶ, ಹೆಸರು ಟೈಪಾಗಿತ್ತು. ಇನ್ನೊಂದು ಕನ್ನಡದಲ್ಲಿ ಕೈಯಲ್ಲಿ ಬರೆದದ್ದು. ಇಡೀ ದಿನ ಅಳತೆ ಮಾಡಿದಾಗ ನಾನು ಬೇಕೆಂದೇ ನಿಧಾನವಾಗಿ ಕೆಲಸ ಮಾಡಿದೆ, ತಪ್ಪಾಯಿತು, ಕ್ಷಮಿಸಬೇಕು ಎಂದು ಅದರಲ್ಲಿತ್ತು.

"ಇದಕ್ಕೊಂದು ಸೈನ್ ಹಾಕು, ಅದನ್ನ ತಗೊಂಡು ಹೋಗು" ಎಂದರು ಮ್ಯಾನೇಜರು. ದನಿ ಮೆತ್ತಗಿತ್ತು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ತಾಯಿ ಇದಾರೆ ನಿಂಗೆ."

ಹೆಚ್ಚು ಓದಿದವಳಲ್ಲವಾದರೂ ಅಷ್ಟು ಅರ್ಥವಾಯಿತು. ನಾನು ಸಹಿ ಹಾಕಿದರೆ ಆ ದಿನದ ಅಳತೆ ಸುಳ್ಳಾಗುತ್ತದೆ. ಎಪ್ಪತ್ತೆರಡು ಹೋಗಿ ತೊಂಬತ್ತೈದು ವಾಪಸು ಬರುತ್ತದೆ, ಈ ಸಲ ಇಪ್ಪತ್ತೇಳು ಹೆಂಗಸರ ಮೇಲೆ. ಸಹಿ ಹಾಕದಿದ್ದರೆ ಹೆಡ್ ಆಫೀಸಿನಲ್ಲಿರುವ ವರದಿಯೇ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ಇಂಜಿನಿಯರನ್ನು ನೋಡಿದೆ. ಅವರು ತಮ್ಮ ಬೂಟನ್ನು ನೋಡುತ್ತಿದ್ದರು.

ನಾನು ದೊಡ್ಡವಳೆಂದು ತೋರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನ್ನ ಕೈ ಪೆನ್ನಿನ ಕಡೆಗೆ ಹೋಗಿತ್ತು. ಟೈಪಾಗಿದ್ದ ನನ್ನ ಹೆಸರು ಕಣ್ಣಿಗೆ ಅಷ್ಟು ಚೆಂದ ಕಾಣುತ್ತಿತ್ತು. ಅವ್ವನಿಗೆ ತೋರಿಸಬೇಕು ಎನಿಸಿತ್ತು. ಪೆನ್ನು ಎತ್ತಿಯೂ ಬಿಟ್ಟೆ. ಆಮೇಲೆ ಕಾಗದದ ಮೇಲಿನ "ಬೇಕೆಂದೇ" ಎಂಬ ಮಾತನ್ನು ಇನ್ನೊಮ್ಮೆ ಓದಿದೆ, ಪೆನ್ನನ್ನು ಕೆಳಗಿಟ್ಟೆ.

"ಸಾರ್, ನಾನು ಬೇಕೂಂತ ಮಾಡಿದ್ದು ಮೊದಲನೇ ದಿನ" ಎಂದೆ. "ಆ ಮೂರು ಕಾಯಿಲ್ ಬೇಕೂಂತಲೇ ಜೋರಾಗಿ ಸುತ್ತಿದ್ದು, ಜಂಬಕ್ಕೆ. ತಪ್ಪಾಗಿದ್ದು ಅದು. ಅದನ್ನ ಬರೆದುಕೊಡಿ, ಈಗಲೇ ಸೈನ್ ಹಾಕ್ತೀನಿ. ಇದಕ್ಕೆ ಹಾಕಲ್ಲ."

ಮ್ಯಾನೇಜರು ಎರಡು ಕಾಗದವನ್ನೂ ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದರು. ನನ್ನ ಊಟದ ಡಬ್ಬಿಯನ್ನು ವಾಚ್‌ಮನ್ ಗೇಟಿಗೇ ತಂದುಕೊಟ್ಟ. ಸಾಲಿಗೆ ಹೋಗಿ ಹೇಳಿಬರಲೂ ಬಿಡಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಅಳುತ್ತ ಮನೆಗೆ ಬಂದೆ. ಅತ್ತದ್ದು ನೌಕರಿಗಾಗಿಯೇ, ಸುಳ್ಳು ಯಾಕೆ ಹೇಳಲಿ. ಅವ್ವ ಎಲ್ಲ ಕೇಳಿ, "ಉಂಡಿಯೇನು?" ಎಂದಳು. ಡಬ್ಬಿ ಬಿಚ್ಚಿ ನನ್ನ ಎದುರಿಗೇ ಕೂತು ಉಣ್ಣಿಸಿದಳು.

ಸಂಜೆಯಾಗುತ್ತಿದ್ದಂತೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ನನ್ನ ಬೆನ್ನ ಹಿಂದೆ ಚೀಟಿ ಬದಲಾಯಿಸಿಬಿಟ್ಟಿದ್ದರೆ? ಯಲಹಂಕ ಸ್ಟೇಷನ್ನಿಗೆ ನಡೆದು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತೆ. ಗಾಡಿ ಬಂತು. ಬೇರೆ ಡಬ್ಬಿಗಳಿಂದ ಯಾರ್ಯಾರೋ ಇಳಿದರು. ನಮ್ಮವರು ಕಾಣಲಿಲ್ಲ. ಆಮೇಲೆ ಹಿಂದಿನ ಡಬ್ಬಿಯಿಂದ ಆಪಾ ಬುರ್ಖಾ ಎತ್ತಿ ಹಿಡಿದು ಇಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಬಿಸಿಲು ಇನ್ನೂ ಹಳಿಗಳ ಮೇಲಿತ್ತು.

ಆಪಾ ನನ್ನನ್ನು ಕಂಡು ನೇರ ಬಂದರು. "ಹುಚ್ಚಿ! ಗಡಿಯಾರದ ಸಾಹೇಬ್ರು ಎಲ್ಲಾ ಹೇಳಿದ್ರು. ಸಹಿ ಹಾಕೋಕೆ ಏನಾಗಿತ್ತು ನಿನ್ಗೆ? ನಾವು ಹೆಂಗೋ ಮಾಡ್ಕೊಂತಿದ್ವಿ" ಎಂದು ಎಲ್ಲರೆದುರಿಗೂ ಬೈದರು. ಬೈಯುತ್ತಲೇ ನನ್ನ ಕೈ ಹಿಡಿದುಕೊಂಡರು. ಸೀಳಿಹೋಗಿದ್ದ ಬೆರಳುಗಳು ಅವರವು, ನನ್ನವೂ.

"ಎಷ್ಟಾಯ್ತು ಇವತ್ತು?" ಎಂದು ಕೇಳಿದೆ.

"ಎಪ್ಪತ್ತೆರಡು" ಎಂದರು. "ಎಲ್ಲಾರ್ದೂ ಎಪ್ಪತ್ತೆರಡೇ. ಒಂದೂ ಜಾಸ್ತಿ ಮಾಡ್ಲಿಲ್ಲ."